ಮೂಳೆ ಬೆಳೆದಂತೆ ಕರಗುವ ಸಿಮೆಂಟ್: ನನ್ನ ಅನುಭವ

ಮೂಳೆ ಸಿಮೆಂಟ್ ಅಂದ ಕೂಡಲೇ ಹೆಚ್ಚಿನವರಿಗೆ ನೆನಪಾಗುವುದು ಪಿಎಂಎಂಎ ಎಂಬ ಅಕ್ರಿಲಿಕ್ ಪ್ಲಾಸ್ಟಿಕ್. ಕೃತಕ ಕೀಲನ್ನು ಹಿಡಿದು ನಿಲ್ಲಿಸಲು ಅದು ಒಳ್ಳೆಯದೇ. ಆದರೆ ಗಟ್ಟಿಯಾಗುವಾಗ ತುಂಬಾ ಬಿಸಿಯಾಗುತ್ತದೆ, ಒಳಗೆ ಹೋದ ಮೇಲೆ ಕರಗುವುದೂ ಇಲ್ಲ. ನನಗೆ ಬೇಕಿದ್ದದ್ದು ಮೂಳೆಯ ಪೊಳ್ಳನ್ನು ತುಂಬಿ, ಹೊಸ ಮೂಳೆ ಬಂದ ಹಾಗೆಲ್ಲ ಜಾಗ ಬಿಟ್ಟುಕೊಡುವ ಸಿಮೆಂಟ್. ಹಾಗಾಗಿ ಕ್ಯಾಲ್ಸಿಯಂ ಫಾಸ್ಫೇಟ್ ಕಡೆ ಬಂದೆ. 1980ರ ದಶಕದಲ್ಲಿ ಬ್ರೌನ್ ಮತ್ತು ಚೌ ಎಂಬ ಸಂಶೋಧಕರು ತೋರಿಸಿಕೊಟ್ಟ ದಾರಿ ಇದು.

ಇದರಲ್ಲಿ ಎರಡು ಬಗೆ. ಅಪಟೈಟ್ (ಮೂಳೆಯ ಖನಿಜದಂಥದ್ದು) ಆಗಿ ಗಟ್ಟಿಯಾಗುವುದು ಬಲವಾಗಿರುತ್ತದೆ, ಆದರೆ ವರ್ಷಗಟ್ಟಲೆ ಅಲ್ಲೇ ಕೂತಿರುತ್ತದೆ. ಬ್ರಷೈಟ್ ಎಂಬ ಇನ್ನೊಂದು ಖನಿಜವಾಗಿ ಗಟ್ಟಿಯಾಗುವುದು ಅದಕ್ಕಿಂತ ಬೇಗ ಕರಗುತ್ತದೆ. ನಾನು ಬ್ರಷೈಟ್ ಆರಿಸಿಕೊಂಡೆ. ಬೀಟಾ ಟ್ರೈಕ್ಯಾಲ್ಸಿಯಂ ಫಾಸ್ಫೇಟ್, ಮೊನೊಕ್ಯಾಲ್ಸಿಯಂ ಫಾಸ್ಫೇಟ್, ನೀರು: ಇಷ್ಟೇ. ಸುಮ್ನೆ ನೀರು ಹಾಕಿ ಕಲಸಿದರೆ ಸಿರಿಂಜಿಗೆ ತುಂಬುವಷ್ಟೂ ಪುರುಸೊತ್ತು ಕೊಡುವುದಿಲ್ಲ. ನೀರಿಗೆ ಸಿಟ್ರಿಕ್ ಆಮ್ಲ ಸೇರಿಸಿದರೆ ನಿಧಾನವಾಗುತ್ತದೆ. ಪೇಸ್ಟಿನ ಮೇಲಿನ ಒದ್ದೆ ಹೊಳಪು ಮಂಕಾಯಿತೆಂದರೆ ಇನ್ನು ಅದನ್ನು ಮುಟ್ಟಬಾರದು. ಲೆಕ್ಕಕ್ಕೆ, ಗಟ್ಟಿಯಾಗುವ ಹೊತ್ತು ಅಳೆಯುವ ಗಿಲ್‌ಮೋರ್ ಸೂಜಿ ಇದೆ, ಆದರೆ ಕಣ್ಣಿಗೆ ಮೊದಲು ಗೊತ್ತಾಗುತ್ತದೆ.

ಸಿರಿಂಜ್ ಒತ್ತಿದಾಗ ನೀರು ಮುಂದೆ ಬಂದು ಪುಡಿ ಹಿಂದೆ ಉಳಿಯುವುದು ಈ ಕೆಲಸದ ಹಳೆಯ ಕಾಟ. ನೀರು ಜಾಸ್ತಿ ಮಾಡಿದರೆ ಸರಾಗವಾಗಿ ಬರುತ್ತದೆ, ಆದರೆ ಬಲ ಬಿದ್ದುಹೋಗುತ್ತದೆ. ಪುಡಿಯನ್ನು ಇನ್ನಷ್ಟು ನುಣ್ಣಗೆ ಅರೆದು, ದ್ರವಕ್ಕೆ ಸ್ವಲ್ಪ ಹಯಲುರೊನೇಟ್ (ದ್ರವವನ್ನು ಮಂದವಾಗಿಸುವ ಅಂಟು ಪದಾರ್ಥ) ಬೆರೆಸಿದ್ದು ಕೈಹಿಡಿಯಿತು. 37 ಡಿಗ್ರಿ ಬೆಚ್ಚಗಿನ ನೀರಿಗೆ ಬಿಟ್ಟರೂ ಪೇಸ್ಟ್ ಚೆದುರದೆ ಎಳೆಯಾಗಿಯೇ ನಿಂತಿತು.

ನಿಜವಾದ ಕಷ್ಟ ಇದ್ದದ್ದು ತೂತುಗಳಲ್ಲಿ. ಸಿಮೆಂಟಿನ ಒಳಗೆ ತಾನಾಗಿ ಆಗುವ ತೂತುಗಳು ತೀರಾ ಸಣ್ಣವು, ಜೀವಕೋಶ ಅದರೊಳಗೆ ನುಗ್ಗಲಾರದು. ರಕ್ತನಾಳವೂ ಬರಬೇಕೆಂದರೆ 100 ಮೈಕ್ರೊಮೀಟರಿಗಿಂತ ದೊಡ್ಡ ತೂತು ಬೇಕು, ಅವು ಒಂದಕ್ಕೊಂದು ಕೂಡಿಕೊಂಡೂ ಇರಬೇಕು. ಆಮೇಲೆ ಕರಗಿ ತೂತು ಬಿಡಲಿ ಎಂದು ಹಲವರು ಪಿಎಲ್‌ಜಿಎ ಎಂಬ ಕರಗುವ ಪ್ಲಾಸ್ಟಿಕ್ಕಿನ ಸಣ್ಣ ಗುಂಡುಗಳನ್ನು ಬೆರೆಸುತ್ತಾರೆ. ಅದು ಒಡೆಯುವಾಗ ಆಮ್ಲ ಬಿಡುತ್ತದೆ. ಬ್ರಷೈಟ್ ಶುರುವಿನಲ್ಲಿ ತಾನೇ ಹುಳಿ, ಅದಕ್ಕೆ ಇನ್ನಷ್ಟು ಆಮ್ಲ ಯಾಕೆ ಅನ್ನಿಸಿ ನಾನು ಜೆಲಾಟಿನ್ ಗುಂಡುಗಳಿಗೆ ಹೋದೆ. ಒಣ ಜೆಲಾಟಿನ್ ಪೇಸ್ಟಿನ ನೀರನ್ನೇ ಹೀರಿ ಉಬ್ಬುತ್ತದೆ. ಜೆನಿಪಿನ್ ಎಂಬ ಸಸ್ಯಮೂಲದ ರಾಸಾಯನಿಕದಿಂದ ಅದರ ಎಳೆಗಳನ್ನು ಒಂದಕ್ಕೊಂದು ಬಿಗಿದರೆ ಉಬ್ಬುವುದು ಕಡಿಮೆ. ಬಿಗಿದ ಗುಂಡುಗಳು ಕಡುನೀಲಿಯಾಗುತ್ತವೆ. ನನಗೆ ಅದರಿಂದ ದೊಡ್ಡ ಉಪಕಾರವಾಯಿತು. ಗಟ್ಟಿಯಾದ ಸಿಲಿಂಡರನ್ನು ಮುರಿದು ನೋಡಿದರೆ, ಬಿಳಿಯ ನಡುವೆ ನೀಲಿ ಚುಕ್ಕೆಗಳು ಸಮನಾಗಿ ಹರಡಿವೆಯೋ ಒಂದೇ ಕಡೆ ಗುಂಪಾಗಿವೆಯೋ ಬರಿಗಣ್ಣಿಗೇ ತಿಳಿಯುತ್ತಿತ್ತು.

ಗುಂಡು ಹೆಚ್ಚಿದಷ್ಟೂ ಬಲ ಇಳಿಯುತ್ತದೆ. ನಾನು ಅದನ್ನು ಒಪ್ಪಿಕೊಂಡೆ. ಇದು ಭಾರ ಹೊರುವ ಜಾಗಕ್ಕೆ ಅಲ್ಲವೇ ಅಲ್ಲ. ಸ್ಪಂಜಿನಂಥ ಮೂಳೆಯ ಹತ್ತಿರದ ಬಲವಿದ್ದರೆ ಸಾಕು. ಬಲದ ಅಳತೆಯಾದ ಮೆಗಾಪಾಸ್ಕಲ್ ಹಿಂದೆ ಓಡಿ ತೂತು ಮುಚ್ಚಿಬಿಟ್ಟರೆ ಇಷ್ಟೆಲ್ಲ ಮಾಡಿದ್ದು ಯಾಕೆ, ಅಲ್ವಾ?

ಕರಗುವಿಕೆ ಅಳೆಯುವವರಿಗೆ ಒಂದು ಮಾತು. ತೂಕ ಮಾತ್ರ ನೋಡಬೇಡಿ. ಬ್ರಷೈಟ್ ದೇಹದಲ್ಲೂ ಬಾಟಲಿಯಲ್ಲೂ ನಿಧಾನವಾಗಿ ಅಪಟೈಟ್ ಆಗಿ ಬದಲಾಗಬಹುದು. ಆಮೇಲೆ ಕರಗುವುದು ಬಹುತೇಕ ನಿಂತುಹೋಗುತ್ತದೆ. ಹರಳುಗಳನ್ನು ಗುರುತಿಸುವ ಎಕ್ಸ್-ರೇ ಪರೀಕ್ಷೆಯಲ್ಲಿ (ತಾಮ್ರದ ಎಕ್ಸ್-ರೇ ಬಳಸಿದಾಗ) 11.7 ಡಿಗ್ರಿ ಹತ್ತಿರದ ಬ್ರಷೈಟ್ ಶಿಖರ ಕುಗ್ಗುತ್ತಿದೆಯೇ, ಅಪಟೈಟಿನ ಶಿಖರ ಏಳುತ್ತಿದೆಯೇ ಎಂದು ಜೊತೆಗೇ ನೋಡಿ. ಸ್ವಲ್ಪ ಮೆಗ್ನೀಸಿಯಂ ಸೇರಿಸಿದರೆ ಆ ಬದಲಾವಣೆಗೆ ತಡೆ ಬೀಳುತ್ತದೆ. ಸಿಮೆಂಟ್ ಮುಳುಗಿಸಿಟ್ಟ ದ್ರವವನ್ನು ಆಗಾಗ ಬದಲಾಯಿಸಿ, ಇಲ್ಲದಿದ್ದರೆ ಅಯಾನುಗಳು ತುಂಬಿಕೊಂಡು ಕರಗುವುದು ತಾನಾಗಿ ನಿಲ್ಲುತ್ತದೆ. ಜೀವಕೋಶದ ಪರೀಕ್ಷೆಗೂ ಮೊದಲು ಆ ಹುಳಿ ಹೋಗುವ ತನಕ ತೊಳೆಯಿರಿ.