ಪದ್ಯ ಬಾಯಿಗೆ ಹತ್ತಬೇಕಾದರೆ

ಕಥೆಯನ್ನು ನಮ್ಮ ಮಾತಲ್ಲಿ ಇನ್ನೊಬ್ಬರಿಗೆ ಹೇಳಬಹುದು. ಪದ್ಯವನ್ನು ಹಾಗೆ ಹೇಳಹೊರಟರೆ ಅರ್ಥವಷ್ಟೇ ಉಳಿದು ಪದ್ಯ ಹೋಗಿಬಿಡುತ್ತದೆ. ಅದಕ್ಕೇ ಅದನ್ನು ಇದ್ದ ಹಾಗೆಯೇ ಬಾಯಿಗೆ ತಂದುಕೊಳ್ಳಬೇಕು. ಹಾಗೆ ಬಂದದ್ದು ಹಿಪ್ಪುನೇರಳೆ ಸೊಪ್ಪು ಕೊಯ್ಯುವಾಗಲೂ ಸಾವಿನ ಮನೆಯಲ್ಲೂ ತಾನಾಗಿ ಒದಗುತ್ತದೆ.

ನಾಲ್ಕು ಸಾಲಿನದರಿಂದ ಶುರುಮಾಡಿ. ಮುಳಬಾಗಿಲಿನಲ್ಲಿ 1887ರಲ್ಲಿ ಹುಟ್ಟಿದ ಡಿ.ವಿ.ಜಿ.ಯವರ ಮಂಕುತಿಮ್ಮನ ಕಗ್ಗದಲ್ಲಿ 945 ಪದ್ಯಗಳಿವೆ, ಒಂದೊಂದೂ ತನ್ನಷ್ಟಕ್ಕೆ ನಿಲ್ಲುತ್ತದೆ. ವಾರಕ್ಕೆ ಒಂದೇ ಪದ್ಯ, ದಿನಕ್ಕೆ ಹತ್ತು ನಿಮಿಷ.

ಮೊದಲ ದಿನ ಅರ್ಥದ ಗೋಜಿಗೆ ಹೋಗದೆ ಮೂರು ಸಲ ಗಟ್ಟಿಯಾಗಿ ಓದಿ. ಮರುದಿನ ಮಾತ್ರೆ ಎಣಿಸಿ; ಮಾತ್ರೆಯೆಂದರೆ ಅಕ್ಷರ ಹೇಳಲು ಹಿಡಿಯುವ ಹೊತ್ತಿನ ಅಳತೆ. ಹ್ರಸ್ವಕ್ಕೆ ಒಂದು, ದೀರ್ಘಕ್ಕೆ ಎರಡು; ಒತ್ತಕ್ಷರದ ಹಿಂದಿನ ಅಕ್ಷರಕ್ಕೂ ಸೊನ್ನೆ ಇರುವ ಅಕ್ಷರಕ್ಕೂ ಎರಡು. (ಮನೆಯಲ್ಲಿ ತೆಲುಗಾಡುವವರಿಗೆ ಇದು ಹೊಸದಲ್ಲ, ತೆಲುಗು ಪದ್ಯದ ಲಘು-ಗುರುವಿನ ಲೆಕ್ಕವೂ ಹೀಗೆಯೇ.) ಅಭ್ಯಾಸಕ್ಕೆ ಎರಡು ಸಾಲು:

ನಂದಿಯ | ಬೆಟ್ಟದ | ಮೇಲಿನ | ಮಂಜು
ಕೆರೆಯ | ನೀರಲಿ | ಕರಗಿ | ಹೋಯಿತು

ಮೊದಲನೆಯದು ನಾಲ್ಕು ನಾಲ್ಕರ ನಡೆ, ಕೊನೆಗೆ ಮೂರು. ಎರಡನೆಯದು ಮೂರು-ನಾಲ್ಕು, ಮೂರು-ನಾಲ್ಕು: ಆರು ಸಾಲಿನ ಪದ್ಯವಾದ ಭಾಮಿನಿ ಷಟ್ಪದಿಯ ಸಣ್ಣ ಸಾಲಿನ ಹದಿನಾಲ್ಕು ಮಾತ್ರೆ. ಮೊದಲ ಸಾಲಿನ ತಾಳದಲ್ಲೇ, ನಾಲ್ಕು ಮಾತ್ರೆಗೊಂದು ಚಪ್ಪಾಳೆ ಹಾಕುತ್ತಾ, ಎರಡನೆಯದನ್ನು ಓದಿ ನೋಡಿ, ಚಪ್ಪಾಳೆ ‘ನೀ’ ಅಕ್ಷರದ ನಡುವಿಗೆ ಬೀಳುತ್ತದೆ. ಓದು ಎಡವುವುದು ಹೆಚ್ಚಾಗಿ ಇಲ್ಲೇ.

ಇನ್ನೊಂದು ತಪ್ಪು ಆಡುಮಾತಿನಿಂದ ಬರುತ್ತದೆ. ‘ಹೋಯಿತು’ ಎಂಬುದನ್ನು ‘ಹೋಯ್ತು’ ಎಂದರೆ ನಾಲ್ಕು ಇದ್ದದ್ದು ಮೂರಾಗುತ್ತದೆ. ‘ನೀರಲಿ’ಯನ್ನು ‘ನೀರಲ್ಲಿ’ ಎಂದು ತಿದ್ದಿದರೆ ಐದಾಗುತ್ತದೆ. ಕವಿ ಒತ್ತು ಬಿಟ್ಟಿದ್ದರೆ ದಯವಿಟ್ಟು ತಿದ್ದಬೇಡಿ, ಅದು ಲೆಕ್ಕವಿಟ್ಟು ಬಿಟ್ಟದ್ದು.

ಮೂರನೆಯ ದಿನದಿಂದ ಬಾಯಿಪಾಠ, ಅದೂ ಕೊನೆಯ ಸಾಲಿನಿಂದ. ಮೇಲಿನಿಂದ ಕಲಿತರೆ ಮೊದಲ ಸಾಲು ಇಪ್ಪತ್ತು ಸಲ ಉರುಳಿ, ಕೊನೆಯದು ಎರಡೇ ಸಲ ಉರುಳಿರುತ್ತದೆ. ಕೊನೆಯದು, ಆಮೇಲೆ ಅದರ ಮೇಲಿನದು ಸೇರಿಸಿ ಎರಡು, ಹೀಗೆ ಹತ್ತುತ್ತಾ ಬನ್ನಿ. ಹೇಳುವಾಗ ಗಟ್ಟಿ ನೆಲದ ಕಡೆಗೇ ಇಳಿಯುತ್ತೀರಿ.

ನಡೆ ಕೂತ ಮೇಲೆ ತಾಳ ಬಿಡಿ. ಅರ್ಥ ನಿಲ್ಲುವಲ್ಲಿ ನಿಲ್ಲಿ, ಸಾಲು ಮುಗಿಯಿತೆಂದು ನಿಲ್ಲಬೇಡಿ. ತಾಳ ಬಿಡದವರ ಓದು ಮಗ್ಗಿಯಂತೆ ಕೇಳುತ್ತದೆ.

ಏಳನೆಯ ದಿನ ಮುದ್ದೆ ಕಟ್ಟುತ್ತಲೋ ಹಾಲು ಕರೆಯುತ್ತಲೋ ಹೇಳಿಕೊಳ್ಳಿ. ಕೈ ಕೆಲಸದಲ್ಲಿರುವಾಗ ತಡವರಿಸಿದ ಪದ ಸಾಮಾನ್ಯವಾಗಿ ಅರ್ಥ ತಿಳಿಯದ ಪದವೇ. ಅದೊಂದನ್ನು ನಿಘಂಟಿನಲ್ಲಿ ನೋಡಿ, ಅದೇ ಸಾಲನ್ನು ಮತ್ತೆ ಹೇಳಿ.