ಚಳಿಯಲ್ಲಿ ಎಂಜಿಬಿ ಸ್ಟಾರ್ಟ್ ಆಗದಿದ್ದರೆ ಎಲ್ಲಿಂದ ಹುಡುಕಬೇಕು?

ರಾತ್ರಿ ಚೆನ್ನಾಗಿಯೇ ಓಡಿದ ಗಾಡಿ. ಬೆಳಿಗ್ಗೆ ಕೀ ತಿರುಗಿಸಿದರೆ ಸೆಲ್ಫ್ ಸುತ್ತುತ್ತದೆ, ಇಂಜಿನ್ ಮಾತ್ರ ಹತ್ತುವುದಿಲ್ಲ. ಇಂಗ್ಲೆಂಡಿನ ಚಳಿಯಲ್ಲಿ ಎಂಜಿಬಿ ಎಂಬ ಹಳೆಯ ಬ್ರಿಟಿಷ್ ಸ್ಪೋರ್ಟ್ಸ್ ಕಾರ್ ಇಟ್ಟುಕೊಂಡವರಿಗೆಲ್ಲ ಇದು ಗೊತ್ತಿರುವ ಸಂಕಟ. ಆಗ ಹೆಚ್ಚಿನವರ ಕೈ ನೇರವಾಗಿ ಪೆಟ್ರೋಲ್ ಮತ್ತು ಗಾಳಿ ಬೆರೆಸುವ ಕಾರ್ಬುರೇಟರ್ ಕಡೆಗೆ ಹೋಗುತ್ತದೆ. ದಯವಿಟ್ಟು ಅದನ್ನು ಕೊನೆಗೆ ಇಟ್ಟುಕೊಳ್ಳಿ. ಸರಿಯಾಗಿದ್ದ ಸ್ಕ್ರೂಗಳನ್ನೂ ತಿರುಗಿಸಿಬಿಟ್ಟರೆ ಒಂದು ತೊಂದರೆ ಎರಡಾಗುತ್ತದೆ.

ಎಂಜಿಬಿ 1962ರಿಂದ 1980ರವರೆಗೆ ಅಬಿಂಗ್ಡನ್ ಕಾರ್ಖಾನೆಯಲ್ಲಿ ತಯಾರಾಯಿತು. ಅದರ 1798 ಸಿಸಿ ಇಂಜಿನ್ ಬಹಳ ಸರಳ. ಅದಕ್ಕೇ ಜನ ಅದನ್ನು ಬದಲಾಯಿಸುತ್ತಲೇ ಇರುತ್ತಾರೆ: ಮೂಲದ ಎಸ್‌ಯು ಕಂಪನಿಯ ಕಾರ್ಬುರೇಟರ್ ಬದಲು ವೆಬರ್ ಕಂಪನಿಯದು, ಎಲೆಕ್ಟ್ರಾನಿಕ್ ಇಗ್ನಿಷನ್, ವಾಲ್ವ್ ತೆರೆಯುವ ಹೊಸ ಕ್ಯಾಮ್, ಹಗುರ ಸ್ಟಾರ್ಟರ್ ಮೋಟಾರ್. ಕಂಪನಿಯವರು ಚಳಿಗೆಂದು ಮಾಡಿದ್ದ ಒಂದಲ್ಲ ಒಂದು ಏರ್ಪಾಡು ಈ ಬದಲಾವಣೆಗಳಲ್ಲಿ ತಪ್ಪಿಹೋಗಿರುತ್ತದೆ. ಹಾಗಾಗಿ ಬಾನೆಟ್ ತೆಗೆಯುವ ಮೊದಲು ಒಂದು ಹಾಳೆಯಲ್ಲಿ ಬರೆಯಿರಿ: ಈ ಗಾಡಿಯಲ್ಲಿ ಏನೇನು ಬದಲಾಗಿದೆ? ಯಾವುದರ ನಂತರ ತೊಂದರೆ ಶುರುವಾಯಿತು?

ಮೊದಲು ಬ್ಯಾಟರಿ ಮತ್ತು ಅರ್ಥಿಂಗ್

ಗಾಡಿ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್‌ಬ್ರೇಕ್ ಎಳೆದಿರಲಿ. ಇಂಜಿನ್ ಹತ್ತದಂತೆ ಕಾಯಿಲ್‌ಗೆ (ಪ್ಲಗ್‌ಗಳ ಕಿಡಿಗೆ ಹೆಚ್ಚು ವೋಲ್ಟೇಜ್ ಮಾಡುವ ಭಾಗ) ಕರೆಂಟ್ ಕೊಡುವ ಸಣ್ಣ ವೈರ್ ಕಳಚಿ. ಚಾರ್ಜ್ ತುಂಬಿದ ಬ್ಯಾಟರಿ ಸುಮ್ಮನಿದ್ದಾಗ ಸುಮಾರು 12.6 ವೋಲ್ಟ್ ತೋರಿಸಬೇಕು. ಸೆಲ್ಫ್ ಹೊಡೆಯುವಾಗ 10ರ ಆಸುಪಾಸಿನಲ್ಲಿ ನಿಲ್ಲಬೇಕು. 9.6ಕ್ಕಿಂತ ಕೆಳಗಿಳಿದರೆ ಮೊದಲು ಬ್ಯಾಟರಿ ವಿಚಾರ ನೋಡಿಕೊಳ್ಳಿ. ಹಳೆಯ ಮಾದರಿಗಳಲ್ಲಿ ಸೀಟಿನ ಹಿಂದೆ 6 ವೋಲ್ಟಿನ ಎರಡು ಬ್ಯಾಟರಿ ಇರುತ್ತವೆ. ಅವುಗಳ ನಡುವಿನ ಕೇಬಲ್ಲನ್ನೂ ಬಿಚ್ಚಿ, ಉಜ್ಜಿ, ಬಿಗಿ ಮಾಡಿ.

ಈಗ ಮೀಟರಿನ ಒಂದು ತುದಿ ಬ್ಯಾಟರಿಯ ಅರ್ಥಿಂಗ್ ಕಡೆಗೆ, ಇನ್ನೊಂದು ಇಂಜಿನ್ ಬ್ಲಾಕಿಗೆ. ಸೆಲ್ಫ್ ಹೊಡೆಯಿರಿ. ಅರ್ಧ ವೋಲ್ಟಿಗಿಂತ ಜಾಸ್ತಿ ಬಂದರೆ ಅರ್ಥಿಂಗ್ ಸರಿ ಇಲ್ಲ. ಇಂಜಿನ್ ರಬ್ಬರ್ ಮೌಂಟ್ ಮೇಲೆ ಕೂತಿರುತ್ತದೆ ಅಲ್ವಾ? ಹಾಗಾಗಿ ಅದನ್ನು ಬಾಡಿಗೆ ಜೋಡಿಸುವ ಹೆಣೆದ ಪಟ್ಟಿಯೇ ಕರೆಂಟಿಗೆ ದಾರಿ. ನನ್ನ ಗಾಡಿಯ ಗೇರ್‌ಬಾಕ್ಸ್ ಇಳಿಸಿ ಏರಿಸಿದ ಗ್ಯಾರೇಜಿನವರು ಆ ಪಟ್ಟಿಯನ್ನೇ ಹಾಕಲು ಮರೆತಿದ್ದರು. ಎರಡು ಸಲ ಸೆಲ್ಫ್ ಹೊಡೆದ ಮೇಲೆ ಚೋಕ್ ಕೇಬಲ್ ಮುಟ್ಟಿದೆ, ಕೈ ಸುಡುವಷ್ಟು ಬಿಸಿ! ಬೇರೆ ದಾರಿ ಇಲ್ಲದೆ ಸ್ಟಾರ್ಟರಿನ ಕರೆಂಟೆಲ್ಲ ಆ ತೆಳು ಕೇಬಲ್ಲಿನಲ್ಲೇ ಹರಿಯುತ್ತಿತ್ತು. ನಿಮ್ಮ ಚೋಕ್ ಕೇಬಲ್ ಬಿಸಿಯಾದರೆ ಅಲ್ಲೇ ನಿಲ್ಲಿಸಿ. ಬೆಂಕಿಗೆ ಅಷ್ಟು ಸಾಕು.

ಇಂಜಿನ್ ಯಾವ ಕ್ಷಣದಲ್ಲಿ ಹತ್ತುತ್ತದೆ?

ಕಾಯಿಲ್ ವೈರ್ ಮತ್ತೆ ಹಾಕಿ, ಕಿವಿಗೊಟ್ಟು ಕೇಳಿ. ಕೀ ತಿರುಗಿಸಿದಷ್ಟು ಹೊತ್ತು ಸುಮ್ಮನಿದ್ದು, ಕೀ ಬಿಟ್ಟ ಕ್ಷಣದಲ್ಲಿ ಇಂಜಿನ್ ಹತ್ತಲು ನೋಡುತ್ತದೆಯೇ? ಇದು ಬಹಳ ಬೆಲೆಬಾಳುವ ಸುಳಿವು.

ಕಪ್ಪು ರಬ್ಬರ್ ಬಂಪರ್ ಇರುವ ನಂತರದ ಮಾದರಿಗಳಲ್ಲಿ ಕಾಯಿಲ್‌ಗೆ ಹೋಗುವ ವೈರಿನಲ್ಲೇ ಬ್ಯಾಲಸ್ಟ್ ಎಂಬ ತಡೆ ಇದೆ. ಗಾಡಿ ಓಡುವಾಗ ಕಾಯಿಲ್‌ಗೆ ಬ್ಯಾಟರಿಯ ಅರ್ಧದಷ್ಟು ವೋಲ್ಟೇಜ್ ಸಾಕು. ಸೆಲ್ಫ್ ಹೊಡೆಯುವಾಗ ಬ್ಯಾಟರಿ ಕುಗ್ಗುವುದರಿಂದ, ಸ್ಟಾರ್ಟರಿಗೆ ಕರೆಂಟ್ ಹರಿಸುವ ಸ್ವಿಚ್ಚಾದ ಸೊಲೆನಾಯ್ಡಿನ ಒಂದು ಸಣ್ಣ ಟರ್ಮಿನಲ್ ಆ ತಡೆಯನ್ನು ದಾಟಿಸಿ ಪೂರ್ತಿ ವೋಲ್ಟೇಜ್ ಕೊಡುತ್ತದೆ. ಚಳಿಗೆಂದೇ ಮಾಡಿದ ಚೆಂದದ ಏರ್ಪಾಡು. ಆದರೆ ಹೊಸ ಹಗುರ ಸ್ಟಾರ್ಟರ್‌ಗಳಲ್ಲಿ ಕೆಲವಕ್ಕೆ ಆ ಟರ್ಮಿನಲ್ಲೇ ಇರುವುದಿಲ್ಲ. ಹಾಕುವವರು ಆ ವೈರನ್ನು ಟೇಪ್ ಸುತ್ತಿ ಬಿಟ್ಟುಬಿಡುತ್ತಾರೆ. ಆಮೇಲೆ ಚಳಿಯಲ್ಲಿ ಕಿಡಿ ಸಾಲುವುದಿಲ್ಲ.

ಸೆಲ್ಫ್ ಹೊಡೆಯುವಾಗ ಕಾಯಿಲ್‌ನ ಪಾಸಿಟಿವ್ ಕಡೆ ಅಳೆಯಿರಿ. ಹೆಚ್ಚುಕಡಿಮೆ ಬ್ಯಾಟರಿಯಷ್ಟೇ ಇರಬೇಕು. ತೀರಾ ಕಡಿಮೆ ಇದ್ದರೆ ಆ ವೈರಿನ ದಾರಿ ಸರಿಪಡಿಸಿ. ಬ್ಯಾಲಸ್ಟ್ ವೈರಿಗೆ 3 ಓಮ್ ಕಾಯಿಲ್ ಹಾಕಿದ್ದರೂ ಕಿಡಿ ಸೊರಗುತ್ತದೆ. ಆ ವೈರಿಗೆ 1.5 ಓಮ್ ಕಾಯಿಲ್ಲೇ ಸರಿ. ಇದಕ್ಕೆ ತಿರುಗುಮುರುಗಾಗಿ, ಸೆಲ್ಫ್‌ನಲ್ಲಿ ಹತ್ತಿ ಕೀ ಬಿಟ್ಟ ಕೂಡಲೇ ಆರಿದರೆ ಬ್ಯಾಲಸ್ಟ್ ವೈರೇ ತುಂಡಾಗಿರಬಹುದು.

ಸೆಲ್ಫ್ ತಡವರಿಸಿ ಹಿಂದಕ್ಕೆ ಒದ್ದಂತಾದರೆ ಟೈಮಿಂಗ್ ಅತಿಯಾಗಿ ಮುಂದಿದೆ, ಅಂದರೆ ಕಿಡಿ ತೀರಾ ಬೇಗ ಬರುತ್ತಿದೆ ಎಂದು ತಿಳಿಯಿರಿ. ಕಂಪ್ರೆಷನ್ ಹೆಚ್ಚಿಸಿದ ಇಂಜಿನ್‌ಗಳಲ್ಲಿ ಇದು ಮಾಮೂಲು.

ಪ್ಲಗ್ ಬಿಚ್ಚಿ ನೋಡಿ

ಏಳೆಂಟು ಸೆಕೆಂಡು ಪ್ರಯತ್ನಿಸಿದ ಕೂಡಲೇ ಒಂದು ಪ್ಲಗ್ ಬಿಚ್ಚಿ. ಒಣಗಿದ್ದರೆ ಪೆಟ್ರೋಲ್ ಬರುತ್ತಿಲ್ಲ. ತೊಯ್ದಿದ್ದರೆ ಪೆಟ್ರೋಲ್ ಬಂದಿದೆ, ಒಂದೋ ಕಿಡಿ ಇಲ್ಲ, ಇಲ್ಲವೇ ಪೆಟ್ರೋಲ್ ಅತಿಯಾಗಿ ಓವರ್‌ಫ್ಲೋ ಆಗಿದೆ.

ಒಣಗಿದ್ದರೆ ಪಂಪಿನ ಸದ್ದು ಕೇಳಿ. ಮೂಲ ಎಸ್‌ಯು ಪಂಪ್ ಗಾಡಿಯ ಹಿಂಭಾಗದಲ್ಲಿ ಟಕಟಕ ಎನ್ನುತ್ತದೆ. ಕಾರ್ಬುರೇಟರ್ ತುಂಬಿದ ಮೇಲೆ ಸುಮ್ಮನಾಗಬೇಕು. ಟಕಟಕ ನಿಲ್ಲದಿದ್ದರೆ ಎಲ್ಲೋ ಗಾಳಿ ಎಳೆಯುತ್ತಿದೆ ಅಥವಾ ಪೆಟ್ರೋಲ್ ಸೋರುತ್ತಿದೆ. ವಾರಗಟ್ಟಲೆ ನಿಂತ ಗಾಡಿಯಲ್ಲಿ ಕಾರ್ಬುರೇಟರಿನಲ್ಲಿ ಪೆಟ್ರೋಲ್ ನಿಲ್ಲುವ ಬೌಲ್ ಬತ್ತಿರುತ್ತದೆ. ಪಂಪ್ ಅದನ್ನು ತುಂಬುವವರೆಗೆ ಕಾಯಿರಿ, ಆಮೇಲೆ ಸೆಲ್ಫ್.

ಓವರ್‌ಫ್ಲೋ ಆಗಿದ್ದರೆ ಚೋಕ್ ಒಳಗೆ ತಳ್ಳಿ, ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು ಐದಾರು ಸೆಕೆಂಡು ಸೆಲ್ಫ್ ಹೊಡೆಯಿರಿ. ಮತ್ತೆ ಮತ್ತೆ ಒತ್ತಬೇಡಿ. ಹೊಸ ಪಂಪ್ ಹಾಕಿದ್ದರೆ ಒತ್ತಡವನ್ನೂ ನೋಡಿ. ವೆಬರ್‌ಗೆ ಸುಮಾರು 3 ಪಿಎಸ್‌ಐ ಸಾಕು. ಅತಿಯಾದರೆ ಬೌಲ್ ತುಂಬಿದಾಗ ಪೆಟ್ರೋಲ್ ನಿಲ್ಲಿಸುವ ನೀಡಲ್ ವಾಲ್ವ್ ತಡೆಯಲಾರದೆ ಪೆಟ್ರೋಲ್ ಉಕ್ಕುತ್ತದೆ.

ಈಗ ಕಾರ್ಬುರೇಟರ್

ಚಳಿಯಲ್ಲಿ ಪೆಟ್ರೋಲ್ ಸರಿಯಾಗಿ ಆವಿಯಾಗುವುದಿಲ್ಲ. ಹೆಚ್ಚಿನ ಪಾಲು ಇಂಜಿನ್ನಿಗೆ ಹೋಗುವ ಮ್ಯಾನಿಫೋಲ್ಡ್ ಕೊಳವೆಯ ಗೋಡೆಗೆ ಅಂಟಿಕೊಳ್ಳುತ್ತದೆ. ಆ ಕೊರತೆ ತುಂಬಲು ಚೋಕ್. ಹಳೆಯ ಮಾದರಿಗಳ ಎಸ್‌ಯು ಎಚ್‌ಎಸ್ ಕಾರ್ಬುರೇಟರಿನಲ್ಲಿ ಚೋಕ್ ಎಳೆದರೆ ಪೆಟ್ರೋಲ್ ಬರುವ ಜೆಟ್ ಕೆಳಗಿಳಿದು, ಮೊನಚು ಸೂಜಿಯ ಸುತ್ತ ಜಾಗ ಹೆಚ್ಚಿ ಜಾಸ್ತಿ ಪೆಟ್ರೋಲ್ ಬರುತ್ತದೆ. ಒಬ್ಬರು ಚೋಕ್ ಎಳೆಯಲಿ, ಇನ್ನೊಬ್ಬರು ಎರಡೂ ಕಾರ್ಬುರೇಟರಿನ ಜೆಟ್ ಇಳಿಯುತ್ತವೆಯೇ ಎಂದು ನೋಡಲಿ. ಒಂದೇ ಇಳಿದರೆ ಕೇಬಲ್ ಅಥವಾ ಲಿಂಕ್ ಸರಿಪಡಿಸಿ.

ವೆಬರ್ 45 ಡಿಸಿಒಇ ಮಾದರಿಯ ಕಾರ್ಬುರೇಟರ್ ಹಾಕಿದವರು ಅಭ್ಯಾಸವನ್ನೇ ಬದಲಿಸಬೇಕು. ಅದರಲ್ಲಿ ಸ್ಟಾರ್ಟಿಂಗ್‌ಗೆಂದೇ ಬೇರೆ ದಾರಿ ಇದೆ. ಆಕ್ಸಿಲರೇಟರ್ ಒತ್ತಿದಾಗ ತೆರೆಯುವ ಥ್ರಾಟಲ್ ಮುಚ್ಚಿರುವಾಗ ಅದರ ಹಿಂದಿನ ಎಳೆತದಿಂದ ಅದು ಕೆಲಸ ಮಾಡುತ್ತದೆ. ಆ ದಾರಿ ತೆರೆಯುವ ಲಿವರ್ ಎಳೆದು ಆಕ್ಸಿಲರೇಟರನ್ನೂ ಒತ್ತಿದರೆ ಎಳೆತ ತಪ್ಪಿ ಪೆಟ್ರೋಲ್ ಬರುವುದು ಕಡಿಮೆಯಾಗುತ್ತದೆ. ಲಿವರ್ ಎಳೆದರೆ ಕಾಲು ದೂರ ಇಡಿ. ಎಷ್ಟೋ ಗಾಡಿಗಳಲ್ಲಿ ಈ ಲಿವರ್‌ಗೆ ಕೇಬಲ್ಲೇ ಹಾಕಿರುವುದಿಲ್ಲ. ಹಾಗಿದ್ದರೆ ಆಕ್ಸಿಲರೇಟರನ್ನು ಮೂರ್ನಾಲ್ಕು ಸಲ ಪೂರ್ತಿ ಒತ್ತಿ ಬಿಡಿ, ಆಮೇಲೆ ಸೆಲ್ಫ್ ಹೊಡೆಯಿರಿ. ಒತ್ತಿದಾಗ ವೆಬರ್‌ನ ಪಂಪ್ ಪೆಟ್ರೋಲ್ ಚಿಮ್ಮಿಸುತ್ತದೆ, ಎಸ್‌ಯುಗೆ ಆ ಪಂಪ್ ಇಲ್ಲ. ಇಂಜಿನ್ ನಿಂತಿರುವಾಗ ಏರ್ ಫಿಲ್ಟರ್ ತೆಗೆದು ವೆಬರ್‌ನ ಬಾಯಿಯೊಳಗೆ ನೋಡಿ: ಥ್ರಾಟಲ್ ತೆರೆದಾಗ ಎರಡೂ ಕಡೆ ಸಣ್ಣ ಧಾರೆ ಕಾಣಬೇಕು. ಕಾಣದಿದ್ದರೆ ಬೌಲ್ ಖಾಲಿ, ಇಲ್ಲವೇ ಪಂಪ್ ಜೆಟ್ ಕಟ್ಟಿಕೊಂಡಿದೆ.

ಇಷ್ಟೆಲ್ಲ ಸರಿಯಿದ್ದೂ ಇಂಜಿನ್ ಹತ್ತದಿದ್ದರೆ ವಾಲ್ವ್ ಅಂತರ ಅಳೆಯಿರಿ. ತೀರಾ ಬಿಗಿಯಾದ ವಾಲ್ವ್ ಪೂರ್ತಿ ಮುಚ್ಚದೆ ಕಂಪ್ರೆಷನ್ ಸೋರುತ್ತದೆ. ಮೂಲ ಕ್ಯಾಮ್‌ಗೆ 0.015 ಇಂಚು. ಹೊಸ ಕ್ಯಾಮ್ ಹಾಕಿದ್ದರೆ ಆ ಲೆಕ್ಕ ನಡೆಯುವುದಿಲ್ಲ, ಅದರ ಜೊತೆ ಬಂದ ಚೀಟಿಯಲ್ಲಿರುವ ಅಂತರವನ್ನೇ ಇಡಿ.