ಬಾವಿಗೆ ಬ್ಲೀಚಿಂಗ್ ಪೌಡರ್: ಮುಷ್ಟಿ ಲೆಕ್ಕ ಬೇಡ, ಗ್ರಾಂ ಲೆಕ್ಕ ಬೇಕು

ಆಟಿ ತಿಂಗಳ ಮಳೆಗೆ ಅಂಗಳದ ಕೆಸರು ನೀರು ಬಾವಿಗೆ ಇಳಿಯಿತೆಂದರೆ ಉಡುಪಿ ಕಡೆ ಎಷ್ಟೋ ಮನೆಗಳಲ್ಲಿ ಒಂದು ಮುಷ್ಟಿ ಬ್ಲೀಚಿಂಗ್ ಪೌಡರ್ ತಂದು ಸುಮ್ನೆ ಮೇಲಿಂದ ಎಸೆದುಬಿಡುತ್ತಾರೆ. ಪುಡಿ ಸರಿಯಾಗಿ ಕರಗದೆ ತಳ ಸೇರುತ್ತದೆ. ಹಾಕಿದ್ದು ಸಾಕೋ, ಜಾಸ್ತಿಯಾಯಿತೋ ಯಾರಿಗೂ ಗೊತ್ತಿಲ್ಲ.

1. ಅಳತೆ. ಹೆಚ್ಚಿನವರು ಎಡವುವುದು ಇಲ್ಲೇ. ಹಗ್ಗಕ್ಕೆ ಕಲ್ಲು ಕಟ್ಟಿ ತಳದವರೆಗೆ ಬಿಡಿ. ಒದ್ದೆಯಾದ ಭಾಗವನ್ನು ಮಾತ್ರ ಅಳೆಯಿರಿ. ಬಾವಿಯ ಆಳ ಬೇಡ, ನೀರಿನ ಆಳ ಬೇಕು. ಆಮೇಲೆ ನೀರಿನ ಮಟ್ಟದಲ್ಲಿ ಬಾವಿಯ ಅಡ್ಡಗಲ ನೋಡಿ. ಅಡ್ಡಗಲವನ್ನು ಅದರಿಂದಲೇ ಗುಣಿಸಿ, ನೀರಿನ ಆಳದಿಂದ ಗುಣಿಸಿ, ಕೊನೆಗೆ 22ರಿಂದ ಗುಣಿಸಿ. ಅಳತೆ ಅಡಿಯಲ್ಲಿದ್ದರೆ ಉತ್ತರ ಲೀಟರ್‌ನಲ್ಲಿ ಸಿಗುತ್ತದೆ.

7 ಅಡಿ ಅಗಲದ ಕೆಂಪುಕಲ್ಲಿನ ಬಾವಿಯಲ್ಲಿ 15 ಅಡಿ ನೀರಿದೆ ಅನ್ನಿ. 7 × 7 × 15 × 22, ಅಂದರೆ ಸುಮಾರು 16,000 ಲೀಟರ್. ಅಡ್ಡಗಲದ ಬದಲು ಅದರ ಅರ್ಧ ಹಿಡಿದರೆ ಉತ್ತರ ಕಾಲು ಭಾಗಕ್ಕೆ ಇಳಿಯುತ್ತದೆ, ಎಚ್ಚರ! ಅದೇ ಬಾವಿಯಲ್ಲಿ ಏಪ್ರಿಲ್‌ನಲ್ಲಿ 3 ಅಡಿ ನೀರಿದ್ದರೆ ಬರೀ 3,200 ಲೀಟರ್. ಹೋದ ಸಲದ ಲೆಕ್ಕ ಈ ಸಲಕ್ಕೆ ಬರುವುದಿಲ್ಲ.

2. ತೂಕ. 1,000 ಲೀಟರ್ ತಿಳಿ ನೀರಿಗೆ ಒಳ್ಳೆಯ ಪುಡಿ 2.5 ಗ್ರಾಂ ಸಾಕು. ಮೇಲಿನ ಬಾವಿಗೆ 40 ಗ್ರಾಂ. ಒಳ್ಳೆಯ ಪುಡಿ ಅಂದರೆ ಶೇ. 33ರಷ್ಟು ಕ್ಲೋರಿನ್ ಕೊಡುವಂಥದ್ದು. ಆಗ ಲೀಟರ್ ನೀರಿಗೆ ಸುಮಾರು 0.8 ಮಿಲಿಗ್ರಾಂ ಬೀಳುತ್ತದೆ. ಪೊಟ್ಟಣದ ಮೇಲೆ ಶೇ. 20 ಎಂದಿದ್ದರೆ 40ನ್ನು 33ರಿಂದ ಗುಣಿಸಿ 20ರಿಂದ ಭಾಗಿಸಿ: 66 ಗ್ರಾಂ ಬೇಕು. ಅಂಗಡಿಯಲ್ಲಿ ತೆರೆದ ಚೀಲದಿಂದ ತೂಗಿ ಕೊಡುವ ಪುಡಿ ದಯವಿಟ್ಟು ಬೇಡ. ನಮ್ಮ ಕರಾವಳಿಯ ತೇವದ ಗಾಳಿಗೆ ಅದರ ಶಕ್ತಿ ಬೇಗ ಇಳಿಯುತ್ತದೆ. ಮುದ್ದೆಗಟ್ಟಿದ ಪುಡಿಯನ್ನೂ ಮುಟ್ಟಬೇಡಿ. ಬಟ್ಟೆಗೆ ಹಾಕುವ ಪರಿಮಳದ ಬ್ಲೀಚ್ ಅಂತೂ ಬೇಡವೇ ಬೇಡ.

3. ಕಲಸುವುದು. ಪ್ಲಾಸ್ಟಿಕ್ ಬಕೆಟ್‌ನಲ್ಲಿ, ಬಯಲಲ್ಲಿ. ಮೊದಲು ಸ್ವಲ್ಪ ನೀರಲ್ಲಿ ದೋಸೆ ಹಿಟ್ಟಿನಷ್ಟು ತೆಳ್ಳಗೆ ಕಲಸಿ, ಆಮೇಲೆ ಮುಕ್ಕಾಲು ಬಕೆಟ್ ನೀರು ಸೇರಿಸಿ. ಪುಡಿ ನೀರಿನ ಜೊತೆ ಸೇರಿ ಹೈಪೋಕ್ಲೋರಸ್ ಆಮ್ಲ ಕೊಡುತ್ತದೆ. ರೋಗಾಣು ಕೊಲ್ಲುವುದು ಅದೇ. ಉಳಿದ ಸುಣ್ಣ 10 ನಿಮಿಷದಲ್ಲಿ ತಳಕ್ಕೆ ಕೂರುತ್ತದೆ. ಮೇಲಿನ ತಿಳಿಯನ್ನಷ್ಟೇ ಬೇರೆ ಬಕೆಟ್‌ಗೆ ಬಗ್ಗಿಸಿ. ಸುಣ್ಣ ಬಾವಿಗೆ ಹೋದರೆ ನೀರಿನ ಗಡಸು ಹೆಚ್ಚುತ್ತದೆ. ಶೌಚಾಲಯ ತೊಳೆಯುವ ಆಸಿಡ್ ಹತ್ತಿರವೂ ಸುಳಿಯಬಾರದು, ಎರಡೂ ಸೇರಿದರೆ ವಿಷಾನಿಲ ಏಳುತ್ತದೆ.

4. ಇಳಿಸುವುದು. ಬಕೆಟ್ ನೀರೊಳಗೆ ಮುಳುಗಿಸಿ ಮೇಲೆ ಕೆಳಗೆ ಆಡಿಸಿ. ನನ್ನ ಮಾತು ಕೇಳಿ, ರಾತ್ರಿ ಊಟವಾದ ಮೇಲೆ ಹಾಕಿ. ಕನಿಷ್ಠ ಒಂದು ಗಂಟೆ ಯಾರೂ ನೀರು ಸೇದಬಾರದು.

5. ಪರೀಕ್ಷೆ. ಗಂಟೆ ಕಳೆದ ಮೇಲೆ ಕ್ಲೋರಿನ್ ಕಿಟ್‌ನಲ್ಲಿ ನೋಡಿ. ಲೀಟರ್‌ಗೆ 0.5 ಮಿಲಿಗ್ರಾಂ ಉಳಿದಿರಬೇಕು. ಕೆಸರು, ಕೊಳೆತ ಎಲೆ, ನೀರಿನಲ್ಲಿ ಕರಗಿದ ಕಬ್ಬಿಣ ಎಲ್ಲವೂ ಕ್ಲೋರಿನ್ ತಿಂದುಬಿಡುತ್ತವೆ. ಹಾಗಾಗಿ ಕೆಂಪು ನೀರಿಗೆ ಮೊದಲ ಲೆಕ್ಕ ಸಾಲದೇ ಹೋಗಬಹುದು. ಕಡಿಮೆ ಕಂಡರೆ ಅರ್ಧ ಪ್ರಮಾಣ ಮತ್ತೆ ಕಲಸಿ ಹಾಕಿ, ಇನ್ನೊಂದು ಗಂಟೆ ಬಿಟ್ಟು ಪುನಃ ನೋಡಿ.